ಗಗನದ ಲೆಕ್ಕಿಗ ಲಗ್ರಾಂಜ್

ಚೆಂಬೂರು ಸ್ಟೇಷನ್ನಿನ ಆಸುಪಾಸಿನ ಹೊಟೇಲುಗಳಲ್ಲಿ ರಾತ್ರಿಯ ಕೊನೆಯ ಗಿರಾಕಿಯು ಎದ್ದುಹೋಗಿ, ಕಪ್ಪು ಬಸಿಗಳನ್ನು ತೊಳೆದಿಟ್ಟು, ಗಲ್ಲೆಯ ಲೆಕ್ಕವು ಮುಗಿದು, ದುಡಿದ ಜನರು ಹೊರಗೆ ಬರುವ ಹೊತ್ತಿಗೆ ಹುಣ್ಣಿಮೆಯ ಚಂದ್ರನು ಟ್ರಾಂಬೆಯ ಗುಡ್ಡವನ್ನು ಬಿಟ್ಟು ಬಹು ಮೇಲಕ್ಕೆ ಬಂದಿರುತ್ತಾನೆ. ಊರಿನ ಅಂಗಳದಲ್ಲಿ ಕುಳಿತು ನಮ್ಮ ಅಜ್ಜಂದಿರು ನೋಡಿದ ಚಂದ್ರನೂ ಅವನೇ. ಆದರೆ ಅವರ ಕಾಲದಲ್ಲಿ ಇಲ್ಲದಿದ್ದ ಒಂದು ವಿಶೇಷವು ಈಚೆಗೆ ಅಲ್ಲಿ ಸೇರಿಕೊಂಡಿದೆ. ೨೦೦೮ನೆಯ ಇಸವಿಯ ಅಕ್ಟೋಬರ್ ೨೨ರಂದು ಶ್ರೀಹರಿಕೋಟೆಯಿಂದ ಹೊರಟ ಚಂದ್ರಯಾನ-೧ ಎಂಬ ನಮ್ಮ ದೇಶದ ಉಪಗ್ರಹವು, ಸುಮಾರು ಒಂದೂವರೆ ಮೀಟರು ಅಗಲದ ಒಂದು ಪೆಟ್ಟಿಗೆಯು, ೨೦೦೯ರ ಆಗಸ್ಟ್ ೨೯ರಂದು ಮೌನ ತಾಳಿದ ಮೇಲೂ ಚಂದ್ರನನ್ನು ಸುತ್ತುತ್ತಲೇ ಇದ್ದಿತೆಂಬುದು ಏಳು ವರ್ಷಗಳ ಅನಂತರ ತಿಳಿದುಬಂದಿತು.

ಮೇಲಕ್ಕೆ ಎಸೆದ ಕಲ್ಲು ಕೆಳಗೆ ಬೀಳುವುದು ಲೋಕರೂಢಿ. ಹಾಗಿರಲು ಚಂದ್ರನ ಸುತ್ತ ತಿರುಗುವ ಪೆಟ್ಟಿಗೆಯು ಚಂದ್ರನ ಮೇಲೆ ಏಕೆ ಬೀಳುವುದಿಲ್ಲ? ಬೀಳದಂತೆ ಅದನ್ನು ಒಂದೇ ದಾರಿಯಲ್ಲಿ ನಡೆಸುವ ಬಗೆ ಯಾವುದು? ಈ ಪ್ರಶ್ನೆಗೆ ಉತ್ತರವನ್ನು ಕೊಡುವ ಗಣಿತವನ್ನು ರಚಿಸಿದವರಲ್ಲಿ ಅಗ್ರಗಣ್ಯನಾದವನು ಆಕಾಶನೌಕೆಯನ್ನು ಕನಸಿನಲ್ಲಿಯೂ ಕಂಡವನಲ್ಲ. ಆತನು ಗತಿಸಿ ಇನ್ನೂರು ವರ್ಷಗಳಿಗೂ ಮೇಲಾಯಿತು. ಮೂವತ್ತನೆಯ ವಯಸ್ಸಿನಲ್ಲಿ ಹುಟ್ಟೂರನ್ನು ಬಿಟ್ಟು, ಪರದೇಶದ ಎರಡು ನಗರಗಳಲ್ಲಿ ದುಡಿದು, ಅಲ್ಲಿಯೇ ಮಣ್ಣಾದ ಆ ಮಹನೀಯನ ಹೆಸರು ಜೋಸೆಫ್ ಲೂಯಿ ಲಗ್ರಾಂಜ್. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮಂಥವರು ಆತನ ಚರಿತ್ರೆಯನ್ನು ತಿಳಿದಿರುವುದು ಯೋಗ್ಯವಾಗಿದೆ.

ಲಗ್ರಾಂಜನು ೧೭೩೬ನೆಯ ಇಸವಿಯ ಜನವರಿ ೨೫ರಂದು ಇಟಲಿಯ ಟ್ಯೂರಿನ್ ನಗರದಲ್ಲಿ ಜನಿಸಿದನು. ತಂದೆಯು ಸರ್ಕಾರದ ಕಟ್ಟಡ ಮತ್ತು ಕೋಟೆಗಳ ಇಲಾಖೆಯಲ್ಲಿ ಖಜಾಂಚಿಯಾಗಿದ್ದನು. ಹನ್ನೊಂದು ಮಂದಿ ಮಕ್ಕಳಲ್ಲಿ ಇವನೇ ಹಿರಿಯನು; ಅವರಲ್ಲಿ ಪ್ರಾಯಕ್ಕೆ ಬಂದು ಬದುಕಿ ಉಳಿದವರು ಇಬ್ಬರೇ. ಮನೆತನವು ಅನುಕೂಲವಾದುದೇ ಆಗಿದ್ದರೂ, ತಂದೆಯು ಲಾಭದ ಆಸೆಯಿಂದ ಹಣವನ್ನು ಸಟ್ಟಾ ವ್ಯವಹಾರಗಳಲ್ಲಿ ಹೂಡಿ ಬಹುಭಾಗವನ್ನು ಕಳೆದುಕೊಂಡನು. ಸರ್ಕಾರದ ಖಜಾನೆಯ ಲೆಕ್ಕವನ್ನು ಕಾಯುವವನಿಗೆ ಸ್ವಂತ ಮನೆಯ ಲೆಕ್ಕವು ತಪ್ಪಿತು. ಆದರೆ ಈ ನಷ್ಟವೇ ಮಗನ ಪಾಲಿಗೆ ಭಾಗ್ಯವಾಯಿತು. ಸಿರಿವಂತನಾಗಿ ಬೆಳೆದಿದ್ದರೆ ತಾನು ಗಣಿತದ ಕಡೆಗೆ ತಿರುಗುತ್ತಿರಲಿಲ್ಲವೆಂದು ಲಗ್ರಾಂಜನು ಮುಂದೆ ತನ್ನ ಸ್ನೇಹಿತರಲ್ಲಿ ಹೇಳಿಕೊಳ್ಳುತ್ತಿದ್ದುದುಂಟು.

ತಂದೆಯು ಮಗನನ್ನು ವಕೀಲನನ್ನಾಗಿ ಮಾಡಬೇಕೆಂದಿದ್ದನು. ಹುಡುಗನಿಗೂ ಮೊದಮೊದಲು ಗಣಿತದಲ್ಲಿ ವಿಶೇಷವಾದ ಒಲವೇನೂ ಇರಲಿಲ್ಲ. ಅಕಸ್ಮಾತ್ತಾಗಿ ಹ್ಯಾಲಿಯೆಂಬ ಆಂಗ್ಲ ಖಗೋಳಜ್ಞನ ಒಂದು ಲೇಖನವು ಅವನ ಕೈಗೆ ಸಿಕ್ಕಿತು. ಧೂಮಕೇತುವಿಗೆ ಹೆಸರು ಕೊಟ್ಟ ಹ್ಯಾಲಿಯೇ ಈತನು. ಅದನ್ನು ಓದಿದ ಲಗ್ರಾಂಜನು ಗುರುವಿನ ಹಂಗಿಲ್ಲದೆ, ತಾನಾಗಿಯೇ ಗಣಿತವನ್ನು ಅಭ್ಯಾಸ ಮಾಡತೊಡಗಿದನು. ೧೭೫೫ರಲ್ಲಿ, ಹತ್ತೊಂಬತ್ತರ ಪ್ರಾಯದಲ್ಲಿ, ಅಂದಿನ ಯೂರೋಪಿನ ಗಣಿತಜ್ಞರಿಗೆಲ್ಲ ಹಿರಿಯನೆನಿಸಿದ್ದ ಆಯ್ಲರನಿಗೆ ಪತ್ರ ಬರೆದು ತನ್ನ ಹೊಸ ವಿಧಾನವೊಂದನ್ನು ತಿಳಿಸಿದನು. ಆಯ್ಲರನು ಆ ತರುಣನ ಬುದ್ಧಿಗೆ ಬೆರಗಾಗಿ ಮನಸಾರೆ ಮೆಚ್ಚಿಕೊಂಡನು. ಅದೇ ವರ್ಷ ಟ್ಯೂರಿನ್ನಿನ ಸೈನಿಕ ಶಾಲೆಯಲ್ಲಿ, ಫಿರಂಗಿದಳದ ವಿದ್ಯಾರ್ಥಿಗಳಿಗೆ ಗಣಿತವನ್ನು ಕಲಿಸುವ ಉಪಾಧ್ಯಾಯವೃತ್ತಿಯು ಲಗ್ರಾಂಜನಿಗೆ ದೊರಕಿತು.

ಹಗಲಿರುಳೆನ್ನದೆ ದುಡಿದ ಫಲವಾಗಿ ಇಪ್ಪತ್ತೈದರ ಸುಮಾರಿಗೆ ಅವನ ಆರೋಗ್ಯವು ಕೆಟ್ಟಿತು. ವೈದ್ಯರು ವಿಶ್ರಾಂತಿಯನ್ನೂ ವ್ಯಾಯಾಮವನ್ನೂ ವಿಧಿಸಿದರು. ದೇಹವು ಚೇತರಿಸಿಕೊಂಡರೂ ಮನಸ್ಸಿನ ಖಿನ್ನತೆಯು ಆಗಾಗ ಮರುಕಳಿಸುತ್ತ ಅವನನ್ನು ಕೊನೆಯವರೆಗೂ ಬಿಡಲಿಲ್ಲ. ಅಂದಿನಿಂದ ಅವನು ಜೀವನವನ್ನು ಒಂದು ಕಟ್ಟುಪಾಡಿಗೆ ಒಳಪಡಿಸಿದನು. ಮರುದಿನ ಮಾಡಬೇಕಾದ ಕೆಲಸವನ್ನು ಹಿಂದಿನ ರಾತ್ರಿಯೇ ಗೊತ್ತುಪಡಿಸಿಕೊಂಡು, ಅಷ್ಟನ್ನು ಮಾಡಿ ಮುಗಿಸುವುದು ಅವನ ನಿಯಮವಾಯಿತು.

ಚಂದ್ರನೊಡನೆ ಲಗ್ರಾಂಜನ ನಂಟು ಆರಂಭವಾದುದು ೧೭೬೪ರಲ್ಲಿ. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯು ಆ ವರ್ಷ ಒಂದು ಸ್ಪರ್ಧೆಯನ್ನು ಏರ್ಪಡಿಸಿತು. ಚಂದ್ರನು ಸದಾ ಒಂದೇ ಮುಖವನ್ನು ನಮ್ಮ ಕಡೆಗೆ ತೋರಿಸುವುದೇಕೆ, ಹಾಗೆ ತೋರಿಸುತ್ತಲೇ ಅವನು ತುಸು ಅತ್ತಿತ್ತ ತೂಗುವುದೇಕೆ ಎಂಬುದೇ ವಿಷಯ. ಚಂದ್ರನು ಸರಿಯಾದ ಗುಂಡಲ್ಲ, ಭೂಮಿಯ ಸೆಳೆತವು ಅವನ ಉಬ್ಬಿದ ಭಾಗವನ್ನು ತನ್ನ ಕಡೆಗೇ ಹಿಡಿದಿಡುತ್ತದೆ ಎಂಬ ತತ್ತ್ವವನ್ನು ಹಿಡಿದು ಲಗ್ರಾಂಜನು ಲೆಕ್ಕ ಮಾಡಿ ಬಹುಮಾನವನ್ನು ಪಡೆದನು. ಚಂದ್ರನು ಸರಿಯಾದ ಗುಂಡಲ್ಲವೆಂಬ ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ನಮ್ಮ ಉಪಗ್ರಹದ ಕಥೆಯಲ್ಲಿ ಅದು ಮತ್ತೆ ಬರಲಿದೆ.

೧೭೬೬ರಲ್ಲಿ ಆಯ್ಲರನು ಬರ್ಲಿನ್ನನ್ನು ಬಿಟ್ಟು ರಷ್ಯಕ್ಕೆ ಹೋಗಲು, ಪ್ರಷ್ಯದ ದೊರೆ ಫ್ರೆಡರಿಕನು ಆ ಸ್ಥಾನಕ್ಕೆ ಲಗ್ರಾಂಜನನ್ನು ಕರೆಸಿಕೊಂಡನು. ಹೀಗೆ ಮೂವತ್ತರ ವಯಸ್ಸಿನಲ್ಲಿ ಅವನು ತಾಯ್ನಾಡನ್ನು ಬಿಟ್ಟನು. ಟ್ಯೂರಿನ್ನಿನಲ್ಲಿ ಮತ್ತೆಂದೂ ನೆಲೆಸಲಿಲ್ಲ. ಮರುವರ್ಷ ಸೋದರಸಂಬಂಧಿಯಾದ ವಿತ್ತೋರಿಯಾ ಎಂಬ ಕನ್ಯೆಯನ್ನು ವಿವಾಹವಾದನು. ಮಕ್ಕಳಾಗಲಿಲ್ಲ. ಆಕೆಯು ಬಹುಕಾಲ ರೋಗದಿಂದ ನರಳಿ ೧೭೮೩ರಲ್ಲಿ ತೀರಿಕೊಂಡಳು.

ಬರ್ಲಿನ್ನಿನ ಇಪ್ಪತ್ತು ವರ್ಷಗಳು ಲಗ್ರಾಂಜನ ಜೀವನದ ಸುಗ್ಗಿಯ ಕಾಲ. ೧೭೭೨ರಲ್ಲಿ ಮೂರು ಆಕಾಶಕಾಯಗಳು ಒಂದನ್ನೊಂದು ಸೆಳೆಯುವಾಗ ಅವುಗಳ ಗತಿ ಏನಾಗುವುದೆಂಬ ಪ್ರಬಂಧಕ್ಕೆ ಆಯ್ಲರನೊಡನೆ ಬಹುಮಾನವನ್ನು ಹಂಚಿಕೊಂಡನು. ಎರಡು ದೊಡ್ಡ ಕಾಯಗಳ ನಡುವೆ ಮೂರನೆಯದೊಂದು ಚಿಕ್ಕ ಕಾಯವು ಸೆಳೆತಗಳ ಸರಿತೂಕದಲ್ಲಿ ನಿಲ್ಲಬಹುದಾದ ಐದು ಸ್ಥಾನಗಳುಂಟು. ಅವುಗಳಲ್ಲಿ ಮೂರನ್ನು ಆಯ್ಲರನು ಮೊದಲೇ ಕಂಡಿದ್ದರೂ, ಐದಕ್ಕೂ ಲಗ್ರಾಂಜನ ಹೆಸರೇ ನಿಂತಿದೆ. ೨೦೨೩ರ ಸೆಪ್ಟೆಂಬರಿನಲ್ಲಿ ನಮ್ಮವರು ಸೂರ್ಯನನ್ನು ನೋಡಲು ಕಳುಹಿಸಿದ ಆದಿತ್ಯ ಎಲ್-೧ ನೌಕೆಯ ಹೆಸರಿನಲ್ಲಿ ಬರುವ ಆ ಎಲ್ ಅಕ್ಷರವು ಈ ಲಗ್ರಾಂಜನದೇ.

ಆದರೆ ನಮ್ಮ ಪ್ರಕೃತ ವಿಷಯಕ್ಕೆ ಬೇಕಾದುದು ಆತನ ಇನ್ನೊಂದು ಸಾಧನೆ. ಭೂಮಿಯು ಸೂರ್ಯನನ್ನು ಸುತ್ತುವಾಗ ಗುರು, ಶುಕ್ರ ಮೊದಲಾದ ಗ್ರಹಗಳೂ ಅದನ್ನು ಸ್ವಲ್ಪ ಸ್ವಲ್ಪ ಎಳೆಯುತ್ತವೆ. ಈ ಎಳೆತವು ಅತ್ಯಲ್ಪವಾದುದು. ಆದರೂ ಲಕ್ಷಾಂತರ ವರ್ಷಗಳಲ್ಲಿ ಅದೇ ಬೆಳೆದು ಬೆಳೆದು ಭೂಮಿಯನ್ನು ದಾರಿ ತಪ್ಪಿಸಲಾರದೇ? ನ್ಯೂಟನ್ನನಂತಹ ಮಹಾಪುರುಷನಿಗೂ ಈ ಶಂಕೆಯು ಇದ್ದಿತು. ಲಗ್ರಾಂಜನು ಇದನ್ನು ಲೆಕ್ಕಿಗನ ದೃಷ್ಟಿಯಿಂದ ನೋಡಿದನು.

ಗಲ್ಲೆಯಲ್ಲಿ ಕುಳಿತು ಅನುಭವವುಳ್ಳವರಿಗೆ ಈ ವಿಚಾರವು ಸುಲಭವಾಗಿ ತಿಳಿದೀತು. ಇಂದು ಎರಡು ರೂಪಾಯಿ ಕಡಿಮೆ ಬಿದ್ದು, ನಾಳೆ ಎರಡು ರೂಪಾಯಿ ಹೆಚ್ಚು ಬಂದರೆ ತಿಂಗಳ ಕೊನೆಗೆ ಲೆಕ್ಕವು ಸರಿಹೋಗುವುದು. ಆದರೆ ದಿನಕ್ಕೆ ಒಂದೇ ರೂಪಾಯಿಯಾದರೂ ಪ್ರತಿದಿನವೂ ಕಡಿಮೆಯೇ ಬೀಳುತ್ತಿದ್ದರೆ ವರ್ಷದ ಕೊನೆಗೆ ೩೬೫ ರೂಪಾಯಿ ಕಾಣೆಯಾಗಿ ಧಣಿಗಳ ಮುಂದೆ ನಿಂತು ಉತ್ತರ ಕೊಡಬೇಕಾಗುವುದು. ಎರಡು ರೂಪಾಯಿಯ ತಪ್ಪಿಗಿಂತ ಒಂದು ರೂಪಾಯಿಯ ತಪ್ಪು ಇಲ್ಲಿ ಭಯಂಕರವಾದುದು. ಏಕೆಂದರೆ ಮೊದಲನೆಯದು ತನ್ನನ್ನು ತಾನೇ ತೀರಿಸಿಕೊಳ್ಳುತ್ತದೆ. ಎರಡನೆಯದು ಸದಾ ಒಂದೇ ಕಡೆಗೆ ಕೂಡುತ್ತ ಹೋಗುತ್ತದೆ. ಆಕಾಶದ ಎಳೆತಗಳಲ್ಲಿಯೂ ಈ ಎರಡು ಜಾತಿಗಳಿವೆಯೆಂದು ಬಗೆದು, ಒಂದನ್ನು ಇನ್ನೊಂದರಿಂದ ಬೇರ್ಪಡಿಸುವ ವಿಧಾನವನ್ನು ಲಗ್ರಾಂಜನು ರೂಪಿಸಿದನು. ಫ್ರಾನ್ಸಿನ ಲಪ್ಲಾಸನು ಅದೇ ಕಾಲದಲ್ಲಿ ಇದೇ ದಾರಿಯಲ್ಲಿ ದುಡಿಯುತ್ತಿದ್ದನು. ಗ್ರಹಗಳು ಸೂರ್ಯನಿಂದ ಇರುವ ಸರಾಸರಿ ದೂರವು, ಮೊದಲ ಮಟ್ಟದ ಲೆಕ್ಕದಲ್ಲಿ, ಒಂದೇ ಕಡೆಗೆ ಜರುಗುತ್ತ ಹೋಗುವುದಿಲ್ಲವೆಂದು ಲಗ್ರಾಂಜನು ೧೭೭೬ರಲ್ಲಿ ತೋರಿಸಿಕೊಟ್ಟನು.

೧೭೮೬ರಲ್ಲಿ ಫ್ರೆಡರಿಕ್ ದೊರೆಯು ತೀರಿಕೊಂಡನು. ಆಶ್ರಯದಾತನನ್ನು ಕಳೆದುಕೊಂಡ ಲಗ್ರಾಂಜನು ಮರುವರ್ಷ ಪ್ಯಾರಿಸ್ಸಿಗೆ ಬಂದನು. ಅಲ್ಲಿ ಆದರಕ್ಕೇನೂ ಕೊರತೆಯಿರಲಿಲ್ಲ. ಆದರೆ ಮನಸ್ಸು ಮಾತ್ರ ಬತ್ತಿಹೋಗಿತ್ತು. ೧೭೮೮ರಲ್ಲಿ ಪ್ರಕಟವಾದ ಅವನ ಮಹಾಗ್ರಂಥವು ಚಲನಶಾಸ್ತ್ರವನ್ನೆಲ್ಲ ಒಂದೇ ಒಂದು ಚಿತ್ರವಿಲ್ಲದೆ, ಕೇವಲ ಸಮೀಕರಣಗಳಿಂದ ನಿರೂಪಿಸಿತು. ಜೀವಮಾನದ ಆ ಕೃತಿಯ ಅಚ್ಚಾದ ಪ್ರತಿಯು ಎರಡು ವರ್ಷಗಳ ಕಾಲ ಅವನ ಮೇಜಿನ ಮೇಲೆ ತೆರೆಯದೆಯೇ ಬಿದ್ದಿದ್ದಿತಂತೆ.

೧೭೮೯ರಲ್ಲಿ ಫ್ರಾನ್ಸಿನ ಮಹಾಕ್ರಾಂತಿಯು ಸಿಡಿಯಿತು. ೧೭೯೦ರಲ್ಲಿ ದೇಶಕ್ಕೆಲ್ಲ ಒಂದೇ ಬಗೆಯ ತೂಕ ಮತ್ತು ಅಳತೆಗಳನ್ನು ಗೊತ್ತುಮಾಡಲು ನೇಮಿಸಿದ ಸಮಿತಿಯಲ್ಲಿ ಲಗ್ರಾಂಜನು ಸೇರಿಕೊಂಡನು. ಮೀಟರು, ಕಿಲೋಗ್ರಾಮುಗಳ ದಶಮಾನ ಪದ್ಧತಿಯು ಹುಟ್ಟಿದುದು ಆ ಪ್ರಯತ್ನದಿಂದಲೇ. ೧೯೫೮ರಿಂದ ನಮ್ಮ ದೇಶದಲ್ಲಿಯೂ ಸೇರು, ಮಣಗಳ ಸ್ಥಾನದಲ್ಲಿ ಬಂದು, ಚೆಂಬೂರಿನ ಮಾರುಕಟ್ಟೆಯಲ್ಲಿ ಈರುಳ್ಳಿ ಬಟಾಟೆಗಳನ್ನು ತೂಗುವ ಕಿಲೋ ಬಟ್ಟಿನ ಹಿಂದೆ ಈತನ ಕೈಯೂ ಉಂಟೆಂಬುದು ಗಮನಾರ್ಹವಾಗಿದೆ.

೧೭೯೩ರಲ್ಲಿ ಭೀತಿಯ ಆಳ್ವಿಕೆಯು ಮೊದಲಾಯಿತು. ಶತ್ರುದೇಶಗಳಲ್ಲಿ ಹುಟ್ಟಿದ ಪರಕೀಯರೆಲ್ಲರನ್ನೂ ಸೆರೆಹಿಡಿದು ಅವರ ಆಸ್ತಿಯನ್ನು ಜಪ್ತಿ ಮಾಡಬೇಕೆಂಬ ಶಾಸನವು ಹೊರಟಿತು. ಟ್ಯೂರಿನ್ನಿನಲ್ಲಿ ಹುಟ್ಟಿದ ಲಗ್ರಾಂಜನು ಆ ಶಾಸನಕ್ಕೆ ಒಳಪಡುವವನಾಗಿದ್ದನು. ಎಷ್ಟೇ ಕೀರ್ತಿವಂತನಾದರೂ ಪರಊರಿನವನು ಪರಊರಿನವನೇ ಎಂಬ ಕಹಿಯನ್ನು ಅವನು ಐವತ್ತೇಳನೆಯ ವಯಸ್ಸಿನಲ್ಲಿ ಅನುಭವಿಸಬೇಕಾಯಿತು. ಆಗ ಅವನ ಪರವಾಗಿ ನಿಂತವನು ರಸಾಯನಶಾಸ್ತ್ರದ ಪಿತಾಮಹನಾದ ಲವಾಸಿಯೆ. ಅವನ ಪ್ರಯತ್ನದಿಂದ ಲಗ್ರಾಂಜನಿಗೆ ವಿನಾಯಿತಿ ದೊರೆಯಿತು. ಆದರೆ ರಕ್ಷಿಸಿದವನನ್ನು ರಕ್ಷಿಸುವವರು ಯಾರೂ ಇರಲಿಲ್ಲ. ೧೭೯೪ರ ಮೇ ೮ರಂದು ಲವಾಸಿಯೆಯ ತಲೆಯನ್ನು ಕಡಿದರು. ಆ ತಲೆಯನ್ನು ಉರುಳಿಸಲು ಕ್ಷಣಮಾತ್ರವು ಸಾಕಾಯಿತು, ಅಂತಹ ಇನ್ನೊಂದು ತಲೆಯು ಹುಟ್ಟಲು ನೂರು ವರ್ಷಗಳೂ ಸಾಲಲಾರವೆಂದು ಲಗ್ರಾಂಜನು ಮಿತ್ರನೊಬ್ಬನಲ್ಲಿ ಮರುಗಿದನು.

ಈ ಕೋಲಾಹಲದ ನಡುವೆ ಅವನ ಬಾಳಿಗೆ ಹೊಸ ಬೆಳಕೂ ಬಂದಿತು. ೧೭೯೨ರಲ್ಲಿ ಖಗೋಳಜ್ಞ ಲೆಮೊನ್ಯೆಯ ಮಗಳು, ವಯಸ್ಸಿನಲ್ಲಿ ಬಹಳ ಕಿರಿಯಳಾದ ಅದಿಲಾಯಿದಳು, ಅವನ ಕೈಹಿಡಿದಳು. ಆಕೆಯ ಪ್ರೀತಿಯಿಂದ ಅವನಿಗೆ ಬಾಳಿನಲ್ಲಿಯೂ ಗಣಿತದಲ್ಲಿಯೂ ಮತ್ತೆ ಆಸಕ್ತಿಯು ಚಿಗುರಿತು. ಹೊಸದಾಗಿ ಸ್ಥಾಪಿತವಾದ ಪಾಲಿಟೆಕ್ನಿಕ್ ವಿದ್ಯಾಲಯದಲ್ಲಿ ಪಾಠ ಹೇಳಿದನು. ಟ್ಯೂರಿನ್ನು ಫ್ರೆಂಚರ ವಶವಾದಾಗ, ಫ್ರೆಂಚ್ ಸರ್ಕಾರದ ಪ್ರತಿನಿಧಿಯು ಅಲ್ಲಿಯ ಮನೆಯೊಂದಕ್ಕೆ ಅಧಿಕಾರಿಗಳೊಡನೆ ಹೋಗಿ, ವೃದ್ಧನೊಬ್ಬನಿಗೆ ವಂದಿಸಿ, ಅಂತಹ ಮಗನನ್ನು ಪಡೆದುದಕ್ಕಾಗಿ ಅಭಿನಂದಿಸಿದನು. ಆ ವೃದ್ಧನು ಲಗ್ರಾಂಜನ ತಂದೆ. ಮಗನು ಊರು ಬಿಟ್ಟು ಮೂವತ್ತು ವರ್ಷಗಳು ಕಳೆದಿದ್ದವು. ದೂರದಲ್ಲಿರುವ ಮಗನ ಒಳ್ಳೆಯ ಹೆಸರು ತಂದೆಯ ಬಾಗಿಲಿಗೆ ಬಂದು ಮುಟ್ಟುವ ಸುಖವೇನೆಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನೆಪೋಲಿಯನ್ನನು ಅವನನ್ನು ಸೆನೇಟಿನ ಸದಸ್ಯನನ್ನಾಗಿಯೂ ೧೮೦೮ರಲ್ಲಿ ಕೌಂಟ್ ಪದವೀಧರನನ್ನಾಗಿಯೂ ಮಾಡಿದನು. ಆದರೆ ಅದೇ ವರ್ಷ ಲಗ್ರಾಂಜನು ಮಾಡಿದ ಕೆಲಸವು ಈ ಪದವಿಗಿಂತ ದೊಡ್ಡದು. ಪ್ವಾಸೋಂ ಎಂಬ ತರುಣ ಶಿಷ್ಯನೊಬ್ಬನು ಗುರುವಿನ ಹಳೆಯ ಲೆಕ್ಕವನ್ನು ಮುಂದುವರಿಸಿ ಬರೆದ ಪ್ರಬಂಧವನ್ನು ಓದಿ, ಎಪ್ಪತ್ತೆರಡರ ಮುದುಕನು ಮತ್ತೆ ಲೇಖನಿಯನ್ನು ಹಿಡಿದನು. ಮುಂಬಯಿಯಲ್ಲಿ ಒಬ್ಬನ ಮನೆಯನ್ನು ಹುಡುಕಬೇಕಾದರೆ ಸ್ಟೇಷನ್ನು, ಪೂರ್ವವೋ ಪಶ್ಚಿಮವೋ, ರಸ್ತೆ, ಚಾಳು, ಮಾಳಿಗೆ, ಕೋಣೆಯ ಸಂಖ್ಯೆ ಎಂದು ಆರು ಸಂಗತಿಗಳು ಬೇಕು. ಹಾಗೆಯೇ ಆಕಾಶದಲ್ಲಿ ಸುತ್ತುವ ಕಾಯದ ವಿಳಾಸಕ್ಕೂ ಆರು ಸಂಗತಿಗಳುಂಟು. ಸುತ್ತುದಾರಿಯ ಗಾತ್ರ, ಅದು ಎಷ್ಟು ಉದ್ದಕ್ಕೆ ಎಳೆದಂತಿದೆ, ಎಷ್ಟು ಓರೆಯಾಗಿದೆ, ಆ ಓರೆಯು ಯಾವ ಕಡೆಗಿದೆ, ಅತ್ಯಂತ ಹತ್ತಿರದ ಸ್ಥಳವೆಲ್ಲಿ, ಕಾಯವು ಈಗ ದಾರಿಯಲ್ಲಿ ಎಲ್ಲಿದೆ ಎಂಬವೇ ಆ ಆರು. ಪರರ ಎಳೆತದಿಂದ ಈ ವಿಳಾಸವು ನಿಧಾನವಾಗಿ ಹೇಗೆ ಬದಲಾಗುವುದೆಂಬುದನ್ನು ಲಗ್ರಾಂಜನು ಸಮೀಕರಣಗಳಾಗಿ ಬರೆದಿಟ್ಟನು. ೧೮೧೩ರ ಏಪ್ರಿಲ್ ೧೦ರಂದು ಪ್ಯಾರಿಸ್ಸಿನಲ್ಲಿ ಆತನು ದೇಹಬಿಟ್ಟನು. ಆ ದೇಶದ ಮಹಾಪುರುಷರ ಸಮಾಧಿಮಂದಿರವಾದ ಪ್ಯಾಂಥಿಯನ್ನಿನಲ್ಲಿ ಆ ಪರದೇಶಿಯನ್ನು ಮಣ್ಣುಮಾಡಿದರು.

ಆತನು ಗತಿಸಿದ ೧೫೩ ವರ್ಷಗಳ ಮೇಲೆ, ೧೯೬೬ರ ಏಪ್ರಿಲಿನಲ್ಲಿ, ರಷ್ಯದ ಲೂನಾ-೧೦ ಎಂಬುದು ಚಂದ್ರನಿಗೆ ಮೊತ್ತಮೊದಲ ಕೃತಕ ಉಪಗ್ರಹವಾಯಿತು. ಚಂದ್ರನಲ್ಲಿ ಗಾಳಿಯಿಲ್ಲ, ಆದುದರಿಂದ ವೇಗವನ್ನು ತಗ್ಗಿಸುವ ತಡೆಯಿಲ್ಲ. ಒಮ್ಮೆ ಸರಿಯಾದ ವೇಗವನ್ನು ಕೊಟ್ಟರೆ ಉಪಗ್ರಹವು ಚಿರಕಾಲ ಸುತ್ತಬಹುದೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಚಂದ್ರನು ಸರಿಯಾದ ಗುಂಡಲ್ಲವಷ್ಟೆ. ಒಳಗೂ ಅವನು ಒಂದೇ ಸಮನಾಗಿಲ್ಲ. ೧೯೬೮ರಲ್ಲಿ ಅಮೆರಿಕದ ಮುಲ್ಲರ್ ಮತ್ತು ಶೋಗ್ರೆನ್ ಎಂಬಿಬ್ಬರು, ಚಂದ್ರನ ದೊಡ್ಡ ಕಪ್ಪು ಬಯಲುಗಳ ಅಡಿಯಲ್ಲಿ ಭಾರವಾದ ದ್ರವ್ಯದ ಗಂಟುಗಳಿವೆಯೆಂದು ಕಂಡುಹಿಡಿದರು. ಪುರಾತನ ಕಾಲದಲ್ಲಿ ಭಾರಿ ಬಂಡೆಗಳು ಬಂದಪ್ಪಳಿಸಿದ ಕಡೆಗಳಲ್ಲಿ ಒಳಗಿನ ದಟ್ಟವಾದ ಶಿಲೆಯು ಮೇಲೆದ್ದು, ಲಾವಾರಸವು ತುಂಬಿ ಉಂಟಾದ ಗಂಟುಗಳಿವು. ಇವುಗಳ ಮೇಲೆ ಹಾಯುವಾಗಲೆಲ್ಲ ಉಪಗ್ರಹಕ್ಕೆ ಹೆಚ್ಚಿನ ಸೆಳೆತವು ತಗಲುವುದು. ತುಂಬಿದ ಚಹದ ತಟ್ಟೆಯನ್ನು ಹಿಡಿದ ಮಾಣಿಯು ಉಬ್ಬುತಗ್ಗಿನ ನೆಲದಲ್ಲಿ ನಡೆದಂತೆ ಅದರ ಪಾಡು. ದುಂಡಗಿದ್ದ ದಾರಿಯು ದಿನೇ ದಿನೇ ಉದ್ದವಾಗಿ, ಒಂದು ತುದಿಯು ಚಂದ್ರನೆಲಕ್ಕೆ ಹತ್ತಿರವಾಗುತ್ತ ಹೋಗುವುದು.

೧೯೭೨ರ ಏಪ್ರಿಲ್ ೨೪ರಂದು ಅಪೋಲೋ-೧೬ರ ಯಾತ್ರಿಕರು ಚಿಕ್ಕ ಉಪಗ್ರಹವೊಂದನ್ನು ಸುಮಾರು ನೂರು ಕಿಲೋಮೀಟರು ಎತ್ತರದಲ್ಲಿ ಬಿಟ್ಟು ಬಂದರು. ಅದನ್ನು ತಿದ್ದುವ ಸಾಧನವೇನೂ ಅದರಲ್ಲಿರಲಿಲ್ಲ. ಕೇವಲ ೩೫ ದಿನಗಳಲ್ಲಿ, ಮೇ ೨೯ರಂದು, ಅದು ಚಂದ್ರನಿಗೆ ಅಪ್ಪಳಿಸಿತು. ಅದಕ್ಕೆ ಹಿಂದಿನ ವರ್ಷ ಅಪೋಲೋ-೧೫ರವರು ಬಿಟ್ಟಿದ್ದ ಅಂತಹುದೇ ಉಪಗ್ರಹವು ಬೀಳದೆ ಬಹುಕಾಲ ನಡೆದಿತ್ತು. ದಾರಿಯ ಓರೆಯೇ ಈ ವ್ಯತ್ಯಾಸಕ್ಕೆ ಕಾರಣ. ಲಗ್ರಾಂಜನ ಸಮೀಕರಣಗಳನ್ನು ಚಂದ್ರನಿಗೆ ಅನ್ವಯಿಸಿ ನೋಡಿದಾಗ, ಚಂದ್ರನ ಸಮಭಾಜಕಕ್ಕೆ ಸುಮಾರು ೨೭, ೫೦, ೭೬ ಮತ್ತು ೮೬ ಅಂಶಗಳಷ್ಟು ಓರೆಯಾದ ದಾರಿಗಳಲ್ಲಿ ಈ ಸೆಳೆತಗಳು ಒಂದನ್ನೊಂದು ತೀರಿಸಿಕೊಳ್ಳುತ್ತವೆಂದು ತಿಳಿಯಿತು. ಎರಡು ರೂಪಾಯಿ ಕಡಿಮೆ, ಎರಡು ರೂಪಾಯಿ ಹೆಚ್ಚು ಎಂಬ ಗಲ್ಲೆಯ ಲೆಕ್ಕವೇ ಇದು. ಅಂತಹ ದಾರಿಗಳಿಗೆ ವಿಜ್ಞಾನಿಗಳು ಹೆಪ್ಪುಗಟ್ಟಿದ ಕಕ್ಷೆಗಳೆಂದು ಹೆಸರಿಟ್ಟರು.

ಆದರೆ ಚಂದ್ರಯಾನ-೧ಕ್ಕೆ ಆ ದಾರಿಗಳು ಒದಗುವಂತಿರಲಿಲ್ಲ. ಚಂದ್ರನ ಮೈಯನ್ನೆಲ್ಲ ನೋಡಬೇಕಾದರೆ ಎರಡು ಧ್ರುವಗಳ ಮೇಲೆಯೂ ಹಾಯಲೇಬೇಕು. ೨೦೦೮ರ ನವೆಂಬರ್ ೧೨ರಂದು ಅದು ನೂರು ಕಿಲೋಮೀಟರು ಎತ್ತರದ ಧ್ರುವಮಾರ್ಗವನ್ನು ಸೇರಿತು. ಅದು ಜರುಗದಂತೆ ಕಾಯುವ ಕೆಲಸವು ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋ ನಿಯಂತ್ರಣ ಕೇಂದ್ರದ್ದು. ಬೆಂಗಳೂರಿಗೆ ಸುಮಾರು ೪೦ ಕಿಲೋಮೀಟರು ದೂರದ ಬ್ಯಾಲಾಳು ಗ್ರಾಮದಲ್ಲಿ ೩೨ ಮೀಟರು ಅಗಲದ ಬಾನುಲಿ ತಟ್ಟೆಯು ಚಂದ್ರನ ಕಡೆಗೆ ಕಿವಿಗೊಟ್ಟು ನಿಂತಿತು. ಆ ತಟ್ಟೆಯ ನಿರ್ಮಾಣದಲ್ಲಿ ಹೈದರಾಬಾದಿನ ಇಸಿಐಎಲ್ ಸಂಸ್ಥೆಯೊಡನೆ ನಮ್ಮ ಚೆಂಬೂರಿನ ಮಗ್ಗುಲಿನ ಟ್ರಾಂಬೆಯ ಭಾಭಾ ಅಣು ಸಂಶೋಧನ ಕೇಂದ್ರವೂ ಪಾಲುಗೊಂಡಿದ್ದಿತು. ಹತ್ತಿರ ಬರುವ ಗಾಡಿಯ ಸೀಟಿಯು ಕೀರಲಾಗಿಯೂ, ದೂರ ಹೋಗುವಾಗ ತಗ್ಗಿಯೂ ಕೇಳುವುದನ್ನು ಸ್ಟೇಷನ್ನಿನಲ್ಲಿ ನಿಂತವರೆಲ್ಲರೂ ಬಲ್ಲರು. ಉಪಗ್ರಹದ ಬಾನುಲಿಯ ಸ್ವರವೂ ಹಾಗೆಯೇ ಏರಿಳಿಯುವುದು. ಆ ಏರಿಳಿತದಿಂದ ವೇಗವನ್ನೂ, ವೇಗದಿಂದ ಆ ಆರು ಸಂಗತಿಗಳ ವಿಳಾಸವನ್ನೂ ಕಂಡುಕೊಂಡು, ದಾರಿಯು ತಪ್ಪಿದ್ದರೆ ಉಪಗ್ರಹದ ಪುಟ್ಟ ಯಂತ್ರವನ್ನು ಉರಿಸಿ ತಿದ್ದುವರು. ಇಂಧನವು ಮಿತವಾದುದು, ಅಲ್ಲಿಗೆ ಹೋಗಿ ತುಂಬಿಸಿ ಬರುವವರಿಲ್ಲ. ಆದುದರಿಂದ ತಾನಾಗಿ ತೀರಿಹೋಗುವ ತಪ್ಪು ಯಾವುದು, ಕೂಡಿ ಬೆಳೆಯುವ ತಪ್ಪು ಯಾವುದು ಎಂಬ ವಿವೇಕದ ಮೇಲೆಯೇ ಉಪಗ್ರಹದ ಆಯುಸ್ಸು ನಿಂತಿದೆ. ೨೦೧೯ರ ಆಗಸ್ಟ್ ೨೦ರಂದು ಚಂದ್ರನನ್ನು ಸೇರಿದ ಚಂದ್ರಯಾನ-೨ರ ಉಪಗ್ರಹಕ್ಕೆ ಒಂದೇ ವರ್ಷದ ಆಯುಸ್ಸನ್ನು ಎಣಿಸಿದ್ದರೂ, ಇಂಧನವು ಉಳಿದುದರಿಂದ, ೨೦೨೩ರಲ್ಲಿ ಚಂದ್ರಯಾನ-೩ ಇಳಿಯುವಾಗಲೂ ಅದು ಕೆಲಸ ಮಾಡುತ್ತಿದ್ದಿತು.

ಚಂದ್ರಯಾನ-೧ನ್ನು ೨೦೦೯ರ ಮೇ ತಿಂಗಳಿನಲ್ಲಿ ೨೦೦ ಕಿಲೋಮೀಟರಿಗೆ ಏರಿಸಿದ್ದರು. ಎತ್ತರಕ್ಕೆ ಹೋದಂತೆ ಗಂಟುಗಳ ಸೆಳೆತವು ಮೆತ್ತಗಾಗುವುದು. ಆಗಸ್ಟಿನಲ್ಲಿ ಅದರ ಧ್ವನಿಯು ಅಡಗಿದ ಮೇಲೆ ತಿದ್ದುವವರಾರೂ ಇರಲಿಲ್ಲ. ೨೦೧೬ರ ಜುಲೈಯಲ್ಲಿ ಅಮೆರಿಕದ ವಿಜ್ಞಾನಿಗಳು ಚಂದ್ರನ ಉತ್ತರ ಧ್ರುವದ ಮೇಲಕ್ಕೆ ರಾಡಾರಿನ ಅಲೆಗಳನ್ನು ಹಾಯಿಸಿ ಕಾದು ಕುಳಿತರು. ಆ ಪುಟ್ಟ ಪೆಟ್ಟಿಗೆಯು ಎರಡು ಗಂಟೆಗೆ ಮೇಲೆ ಕೆಲವು ನಿಮಿಷಗಳಿಗೊಮ್ಮೆ ಅಲ್ಲಿ ಹಾಯುತ್ತಿದ್ದುದು ಕಂಡುಬಂದಿತು. ಎತ್ತರವು ಸುಮಾರು ೨೦೦ ಕಿಲೋಮೀಟರೇ. ಹಳೆಯ ಲೆಕ್ಕದಂತೆ ಇರಬೇಕಾದ ಸ್ಥಳಕ್ಕಿಂತ ಅದು ದಾರಿಯಲ್ಲಿ ಅರ್ಧ ಸುತ್ತಿನಷ್ಟು ಜರುಗಿದ್ದಿತು. ವಿಳಾಸದ ಆರನೆಯ ಸಂಗತಿಯು ಬದಲಾಗಿತ್ತು. ದಾರಿಯು ಮಾತ್ರ ಕೆಟ್ಟಿರಲಿಲ್ಲ.

ತಂದೆಯ ನಷ್ಟ, ಕೆಟ್ಟ ಆರೋಗ್ಯ, ಪತ್ನೀವಿಯೋಗ, ಮಿತ್ರನ ಕೊಲೆ, ಪರದೇಶದ ಶಂಕೆ ಇವೆಲ್ಲವೂ ಲಗ್ರಾಂಜನನ್ನು ಒಂದೊಂದು ಕಡೆಗೆ ಎಳೆದವು. ಅವನು ಅವುಗಳೊಡನೆ ಹೋರಾಡಿ ಕೂಗಾಡಿದವನಲ್ಲ. ದಿನದ ಕೆಲಸವನ್ನು ದಿನದಲ್ಲಿ ಮಾಡಿ ಮುಗಿಸುತ್ತ, ಎಪ್ಪತ್ತೇಳು ವರ್ಷಗಳ ದಾರಿಯನ್ನು ಸವೆಸಿದನು. ರಾತ್ರಿ ಕೆಲಸ ಮುಗಿಸಿ ಕೋಣೆಗೆ ಹಿಂದಿರುಗುವಾಗ ಟ್ರಾಂಬೆಯ ಮೇಲಣ ಚಂದ್ರನನ್ನು ನೋಡುವವರು, ಒಂದು ಕ್ಷಣ ಈ ಲೆಕ್ಕಿಗನನ್ನೂ ನೆನೆಯಬಹುದು. ಇಂದಿನ ಸಣ್ಣ ತಪ್ಪು ನಾಳೆ ತಾನಾಗಿ ತೀರುವುದೋ, ದಿನದಿನಕ್ಕೂ ಕೂಡುತ್ತ ಹೋಗುವುದೋ ಎಂದು ನೋಡಿಕೊಳ್ಳುವುದನ್ನು ಆತನು ಗ್ರಹಗಳಿಗಾಗಿ ಕಲಿ‍ಸಿದನು. ಅದು ನಮ್ಮ ಗಲ್ಲೆಗೂ ಒಪ್ಪುವ ಪಾಠವೇ ಸರಿ.